ಸಂವಿಧಾನವನ್ನು ತಲೆದಿಂಬಾಗಿಸಿಕೊಂಡ ದರ್ಜಿ

ಅಮೆರಿಕದ ಟೆನೆಸ್ಸಿ ರಾಜ್ಯದ ಗ್ರೀನ್‌ವಿಲ್ ಪಟ್ಟಣದ ಗುಡ್ಡವೊಂದರ ಮೇಲೆ ಒಂದು ಸಮಾಧಿಯಿದೆ. ಅಲ್ಲಿ ಮಲಗಿರುವವರ ದೇಹಕ್ಕೆ ರಾಷ್ಟ್ರಧ್ವಜ ಸುತ್ತಿ, ತಲೆಯ ಕೆಳಗೆ ಸಂವಿಧಾನದ ಪ್ರತಿಯೊಂದನ್ನಿಟ್ಟು ಮಣ್ಣು ಮಾಡಲಾಯಿತು. ಅವರೇ ಅಮೆರಿಕದ 17ನೇ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್.

1808ರ ಡಿಸೆಂಬರ್ 29ರಂದು ನಾರ್ತ್ ಕೆರೊಲಿನಾದ ರಾಲಿಯಲ್ಲಿ, ಕಡುಬಡ ಕುಟುಂಬದಲ್ಲಿ ಅವರ ಜನನ. ಮೂರನೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಾಯಿ ಕೂಲಿ ಮಾಡಿ ಮಕ್ಕಳನ್ನು ಸಾಕಿದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಬಾಲಕ ದರ್ಜಿಯೊಬ್ಬನ ಬಳಿ ಕರಾರಿನ ಮೇಲೆ ಕೆಲಸಕ್ಕೆ ಸೇರಿದ. 1824ರಲ್ಲಿ ಅಲ್ಲಿಂದ ಓಡಿಹೋದಾಗ, ಹಿಡಿದುಕೊಟ್ಟವರಿಗೆ 10 ಡಾಲರ್ ಬಹುಮಾನವೆಂದು ಯಜಮಾನ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದ!

ಗ್ರೀನ್‌ವಿಲ್‌ನಲ್ಲಿ ಅಂಗಡಿ ತೆರೆದ ಜಾನ್ಸನ್ 1827ರಲ್ಲಿ ಎಲೈಝಾಳನ್ನು ಮದುವೆಯಾದರು. ಅಷ್ಟಿಷ್ಟು ಓದಲು ಮಾತ್ರ ಬರುತ್ತಿದ್ದ ಗಂಡನಿಗೆ ಬರೆಯುವುದನ್ನೂ ಲೆಕ್ಕವನ್ನೂ ಕಲಿಸಿದವಳು ಆಕೆಯೇ. ದರ್ಜಿ ಮೇಯರ್ ಆದರು, ರಾಜ್ಯಪಾಲರಾದರು, 1857ರಲ್ಲಿ ಸೆನೆಟ್ ಸದಸ್ಯರಾದರು.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದ ದೇಶ ಒಡೆಯಿತು. ದಕ್ಷಿಣದ 11 ರಾಜ್ಯಗಳು ಹೊರನಡೆದವು. ಆ ರಾಜ್ಯಗಳ ಸೆನೆಟರುಗಳಲ್ಲಿ ಸ್ಥಾನ ಬಿಡದೆ ಒಕ್ಕೂಟಕ್ಕೆ ನಿಷ್ಠರಾಗಿ ಉಳಿದವರು ಜಾನ್ಸನ್ ಒಬ್ಬರೇ. ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಯುದ್ಧ ಮುಗಿಯುವ ಹೊತ್ತಿಗೆ, 1865ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ಲಿಂಕನ್ ಹಂತಕನ ಗುಂಡಿಗೆ ಬಲಿಯಾದರು. ಉಪಾಧ್ಯಕ್ಷ ಜಾನ್ಸನ್ ಅಧ್ಯಕ್ಷರಾದರು.

ಒಡೆದ ಮನೆಯನ್ನು ಸೇರಿಸುವವರು ಯಾರು? ಯಾವ ಷರತ್ತಿನ ಮೇಲೆ? ಸಂವಿಧಾನದಲ್ಲಿ ನೇರ ಉತ್ತರವಿರಲಿಲ್ಲ. ಒಕ್ಕೂಟದಿಂದ ಹೊರಹೋಗಲು ರಾಜ್ಯಗಳಿಗೆ ಹಕ್ಕೇ ಇಲ್ಲ, ಆದ್ದರಿಂದ ಅವು ಹೊರಹೋಗಿಯೇ ಇಲ್ಲ, ದಂಗೆಯೆದ್ದವರು ವ್ಯಕ್ತಿಗಳು ಮಾತ್ರ, ಅವರನ್ನು ಕ್ಷಮಿಸುವ ಅಧಿಕಾರ ಅಧ್ಯಕ್ಷರದು ಎಂಬುದು ಜಾನ್ಸನ್‌ರ ವಾದ. ಸೋತ ರಾಜ್ಯಗಳು ಗೆದ್ದ ನೆಲವಿದ್ದಂತೆ, ಸೇರಿಸಿಕೊಳ್ಳುವ ಅಧಿಕಾರ ಕಾಂಗ್ರೆಸ್ಸಿನದೇ ಎಂಬುದು ಥ್ಯಾಡಿಯಸ್ ಸ್ಟೀವನ್ಸ್‌ರ ವಾದ.

ಜಾನ್ಸನ್ ಧಾರಾಳವಾಗಿ ಕ್ಷಮೆ ನೀಡಿದರು. ಗುಲಾಮಗಿರಿಯ ಅಂತ್ಯವನ್ನು ಒಪ್ಪಬೇಕೆಂದರು. ಆದರೆ ಕ್ಷಮೆ ಪಡೆದವರು ಮಾಡಿದ್ದೇನು? ಬಿಡುಗಡೆಗೊಂಡ ಕರಿಯರನ್ನು ಮತ್ತೆ ಧಣಿಗಳ ಹೊಲಕ್ಕೆ ಕಟ್ಟಿಹಾಕುವ ಕಾನೂನುಗಳನ್ನು ತಂದರು. 1865ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ದಕ್ಷಿಣದ ಪ್ರತಿನಿಧಿಗಳನ್ನು ಒಳಗೆ ಬಿಡಲಿಲ್ಲ. 1866ರ ನಾಗರಿಕ ಹಕ್ಕುಗಳ ಮಸೂದೆಗೆ ಜಾನ್ಸನ್ ಸಹಿ ನಿರಾಕರಿಸಿದರು. ಮೂರನೇ ಎರಡರ ಬಹುಮತದಿಂದ ಕಾಂಗ್ರೆಸ್ ಅದನ್ನು ಕಾನೂನಾಗಿಸಿತು. ಮರುವರ್ಷ ಟೆನೆಸ್ಸಿ ಬಿಟ್ಟು ಉಳಿದ 10 ರಾಜ್ಯಗಳನ್ನು ಸೇನಾಡಳಿತಕ್ಕೆ ಒಪ್ಪಿಸಿತು.

ಕೊನೆಗೆ ಯುದ್ಧ ಖಾತೆಯ ಸ್ಟ್ಯಾಂಟನ್‌ರನ್ನು ವಜಾ ಮಾಡಿದ್ದೇ ನೆಪವಾಗಿ, 1868ರ ಫೆಬ್ರುವರಿಯಲ್ಲಿ ಜಾನ್ಸನ್ ಮೇಲೆ ಮಹಾಭಿಯೋಗ ಹೊರಿಸಲಾಯಿತು. ಮೇ ತಿಂಗಳಲ್ಲಿ ಸೆನೆಟ್ ಮತ ಹಾಕಿದಾಗ ತಪ್ಪಿತಸ್ಥರೆಂದವರು 35, ಅಲ್ಲವೆಂದವರು 19. ಬೇಕಾಗಿದ್ದದ್ದು 36. ಒಂದೇ ಒಂದು ಮತದಿಂದ ಅವರ ಪದವಿ ಉಳಿಯಿತು!

1869ರಲ್ಲಿ ಸರ್ವೋಚ್ಚ ನ್ಯಾಯಾಲಯ, ರಾಜ್ಯಗಳು ಒಕ್ಕೂಟ ಬಿಡಲಾರವು ಎಂದಿತು. ಜಾನ್ಸನ್ ಹೇಳಿದ್ದೂ ಅದನ್ನೇ. ಆದರೆ ಅಲ್ಲಿ ಸರಿಯಾದ ಸರಕಾರವನ್ನು ಮರಳಿ ಸ್ಥಾಪಿಸುವ ಅಧಿಕಾರ ಮುಖ್ಯವಾಗಿ ಕಾಂಗ್ರೆಸ್ಸಿನದೆಂದೂ ಹೇಳಿತು. 1875ರಲ್ಲಿ ಜಾನ್ಸನ್ ಮತ್ತೆ ಸೆನೆಟ್‌ಗೆ ಬಂದರು. ಅದೇ ಜುಲೈ 31ರಂದು ನಿಧನರಾದರು. ಅಷ್ಟರಲ್ಲಿ, ಅವರು ವಿರೋಧಿಸಿದ್ದ ಸಮಾನ ರಕ್ಷಣೆಯ 14ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿ ಏಳು ವರ್ಷವಾಗಿತ್ತು.

ಬಡತನ ಕಂಡ, ಒಬ್ಬಂಟಿಯಾಗಿ ನಿಷ್ಠೆ ತೋರಿದ ಈ ಮನುಷ್ಯನಿಗೆ ಸಂವಿಧಾನದ ಅಕ್ಷರ ಕಂಡಿತು. ನಿನ್ನೆಯವರೆಗೆ ಗುಲಾಮರಾಗಿದ್ದ 40 ಲಕ್ಷ ಜನ ಕಾಣಲಿಲ್ಲ. ಮುನಿದ ಅಣ್ಣತಮ್ಮಂದಿರು ಕೈಕುಲುಕಿದರೆ ಮನೆ ಒಂದಾಯಿತೆನ್ನುತ್ತೇವೆ. ಆ ಜಗಳದಲ್ಲಿ ನೊಂದವರು ಇನ್ನೂ ಹೊರಜಗುಲಿಯಲ್ಲೇ ನಿಂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡೋಣವೇ?