ಬೆರ್ಗಮೊ ಕಲಾಶಾಲೆಯಿಂದ ಬಾವುಟಗುಡ್ಡೆಗೆ: ಸಹೋದರ ಅಂತೋನಿಯೊ ಮೊಸ್ಕೇನಿ, ಯೇ.ಸ.

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಹೊಕ್ಕು ತಲೆಯೆತ್ತಿ ನೋಡದೆ ಹಿಂದಿರುಗಿದವರು ಯಾರಿದ್ದಾರೆ? ಆದರೆ ಆ ಚಿತ್ರಗಳನ್ನು ಬರೆದ ಕೈ ಎಲ್ಲಿ ಪಳಗಿತೆಂದು ವಿಚಾರಿಸಿದವರು ವಿರಳ. ದೇವರಿತ್ತ ವರವೆಂದು ಹೇಳಿ ಮುಗಿಸಿಬಿಡುವುದು ನಮ್ಮ ವಾಡಿಕೆ. ವರವೆಂಬುದು ನಿಜವೇ, ಆದರೆ ಅದರ ಬೆನ್ನಿಗೆ ದೀರ್ಘಕಾಲದ ಕಠಿನಾಭ್ಯಾಸವೂ ಇದ್ದಿತು.

ಅಂತೋನಿಯೊ ಮೊಸ್ಕೇನಿಯವರು 1854ನೆಯ ಜನವರಿ 17ರಂದು ಉತ್ತರ ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ತೆತ್ಸಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಮೊ ಚಿತ್ರಕಲೆಗೆ ಹೆಸರಾದ ನೆಲ. ವೆನಿಸ್ಸಿನ ಲೊರೆಂಜೊ ಲೊತ್ತೊ 1513ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿ ನೆಲೆಸಿ ರಚಿಸಿದ ಪೀಠಚಿತ್ರಗಳು ಇಂದಿಗೂ ಆ ನಗರದ ದೇವಾಲಯಗಳಲ್ಲಿವೆ. ಕೊಲ್ಲೆಯೋನಿ ಪ್ರಾರ್ಥನಾಮಂದಿರದ ಮೇಲ್ಛಾವಣಿಯಲ್ಲಿ ತಿಯೆಪೊಲೊನ ಭಿತ್ತಿಚಿತ್ರಗಳಿವೆ. ಆ ನಾಡಿನ ಬಾಲಕನಿಗೆ ಚಿತ್ರವೆಂದರೆ ಸಿರಿವಂತರ ಮನೆಯ ಅಲಂಕಾರವಲ್ಲ. ಭಾನುವಾರದ ಬಲಿಪೂಜೆಯ ಹೊತ್ತಿಗೆ ಕಣ್ಣೆದುರು ನಿಲ್ಲುವ ನಿತ್ಯದ ಸಂಗತಿ.

ಮಗನ ಒಲವನ್ನು ಕಂಡು ಅವರನ್ನು ಬೆರ್ಗಮೊದ ಕರ್ರಾರಾ ಕಲಾಶಾಲೆಗೆ ಸೇರಿಸಲಾಯಿತು. ಕೌಂಟ್ ಜಾಕೊಮೊ ಕರ್ರಾರಾ ಎಂಬ ಶ್ರೀಮಂತನು ತನ್ನ ಚಿತ್ರಸಂಗ್ರಹವನ್ನೂ ಆಸ್ತಿಯನ್ನೂ ವಿನಿಯೋಗಿಸಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಸಂಸ್ಥೆಯದು. ಶಾಲೆಯ ಪಕ್ಕದಲ್ಲಿಯೇ ಚಿತ್ರಶಾಲೆ! ಬೆಲ್ಲೀನಿ, ಲೊತ್ತೊ, ಮೊರೋನಿ ಮುಂತಾದವರ ಮೂಲಕೃತಿಗಳೇ ಅಲ್ಲಿನ ವಿದ್ಯಾರ್ಥಿಗಳ ಪಾಠಪುಸ್ತಕ. ಮೊಸ್ಕೇನಿಯವರ ಗುರು ಎನ್ರಿಕೊ ಸ್ಕೂರಿ. ಸ್ಕೂರಿಯ ಗುರು ಜುಸೆಪ್ಪೆ ದಿಯೊತ್ತಿ. ಈ ಗುರುಪರಂಪರೆಯಲ್ಲಿ ರೇಖೆಗೆ ಮೊದಲ ಸ್ಥಾನ, ಬಣ್ಣ ಅನಂತರ. ಗಾರೆಯ ಪ್ರತಿಮೆಗಳನ್ನು ನೋಡಿ ಬರೆಯುವುದು, ದೇಹರಚನೆಯನ್ನು ಅಭ್ಯಸಿಸುವುದು, ಬಳಿಕವೇ ಸಜೀವ ಮಾದರಿಯತ್ತ ತಿರುಗುವುದು: ಅಂದಿನ ಇಟಲಿಯ ಕಲಾಶಾಲೆಗಳ ಕ್ರಮ ಇದಾಗಿತ್ತು. ಬೇಸರದ ಶಿಕ್ಷಣವೆಂದು ಕೆಲವರು ಅದನ್ನು ಹಳಿದದ್ದುಂಟು. ಆದರೆ ನೆಲದಿಂದ ಬಲು ಎತ್ತರದಲ್ಲಿ ಬರೆದ ಅಪೊಸ್ತಲರ ಕೈಕಾಲುಗಳು ಕೆಳಗೆ ನಿಂತವನಿಗೆ ಸರಿಯಾಗಿಯೇ ಕಾಣುವುದು ಆ ಬೇಸರದ ಫಲವೆಂದೇ ನನ್ನ ಭಾವನೆ.

ಅನಂತರ ಅವರು ರೋಮ್ ನಗರಕ್ಕೆ ಹೋಗಿ ವತಿಕಾನದ ಮೇರುಕೃತಿಗಳನ್ನು ಅಭ್ಯಸಿಸಿದರು. ಅದೇ ನಗರದ ಸಂತ ಇಗ್ನೇಷಿಯಸ್ ದೇವಾಲಯದಲ್ಲಿ ಇನ್ನೊಬ್ಬ ಯೇಸುಸಭೆಯ ಸಹೋದರ, ಆಂದ್ರೆಯ ಪೊತ್ಸೊ, ಎರಡು ಶತಮಾನಗಳ ಹಿಂದೆಯೇ ಮೇಲ್ಛಾವಣಿಯಲ್ಲಿ ಆಕಾಶವನ್ನೇ ತೆರೆದು ತೋರಿಸಿದ್ದರು. ಸಂತ ಅಲೋಶಿಯಸ್ ಗೊನ್ಜಾಗರ ಸಮಾಧಿಯಿರುವ ಪೀಠವೂ ಅಲ್ಲಿಯೇ ಇದೆ. ಅದರ ವಿನ್ಯಾಸವೂ ಪೊತ್ಸೊ ಅವರದೇ. ಬಾವುಟಗುಡ್ಡೆಯ ಮಂದಿರದಲ್ಲಿ ಕಲ್ಲಿನ ಕೆತ್ತನೆಯೆಂದು ಕಣ್ಣು ನಂಬುವುದು ಕೇವಲ ಬಣ್ಣವೆಂದು ತಿಳಿದಾಗ ಈ ಪರಂಪರೆ ನೆನಪಾಗದಿರದು.

1889ರಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಮೊಸ್ಕೇನಿಯವರು ಯೇಸುಸಭೆಯನ್ನು ಸೇರಿದರು. ಅದೂ ಗುರುಪಟ್ಟದ ಹಾದಿಯಲ್ಲಲ್ಲ, ಸಹೋದರರಾಗಿ. ಕಲಾವಿದನೊಬ್ಬನಿಗೆ ಇದು ಸಣ್ಣ ಮಾತಲ್ಲ. ಏನು ಬರೆಯಬೇಕು, ಎಲ್ಲಿ ಬರೆಯಬೇಕು, ಬರೆಯಬೇಕೋ ಬೇಡವೋ ಎಂಬುದು ಸಹ ಅಂದಿನಿಂದ ಹಿರಿಯರ ಅಪ್ಪಣೆಗೆ ಬಿಟ್ಟದ್ದು. ಹಿರಿಯರು ಕುಂಚವನ್ನು ಕಸಿದುಕೊಳ್ಳಲಿಲ್ಲ. ಇಟಲಿಯಲ್ಲಿಯೂ ಏಡ್ರಿಯಾಟಿಕ್ ಕಡಲಿನಾಚೆಯ ಕ್ರೊಯೇಷಿಯ, ಅಲ್ಬೇನಿಯಗಳಲ್ಲಿಯೂ ದುಡಿಸಿ, ಕೊನೆಗೆ ಮಂಗಳೂರಿಗೆ ಕಳುಹಿಸಿದರು.

1885ರ ವೇಳೆಗೆ ಕಟ್ಟಿ ಮುಗಿದಿದ್ದ ಪ್ರಾರ್ಥನಾಮಂದಿರವನ್ನು ಅವರು 1899ರಿಂದ 1901ರ ಅವಧಿಯಲ್ಲಿ ಚಿತ್ರಗಳಿಂದ ತುಂಬಿದರು. ಕೆಲವನ್ನು ಹಸಿ ಗಾರೆಯ ಮೇಲೆ, ಕೆಲವನ್ನು ಕ್ಯಾನ್ವಾಸಿನ ಮೇಲೆ. ಹಸಿ ಗಾರೆಯ ಕೆಲಸ ಬಲು ನಿಷ್ಠುರವಾದುದು. ಆ ದಿನ ಮುಗಿಸಬಹುದಾದಷ್ಟೇ ಗಾರೆಯನ್ನು ಬಳಿದು, ಅದು ಆರುವ ಮುನ್ನ ಬರೆದು ತೀರಬೇಕು. ಬಣ್ಣ ಸುಣ್ಣದೊಡನೆ ಬೆರೆತು ಗಟ್ಟಿಯಾದ ಮೇಲೆ ತಪ್ಪಿದ್ದನ್ನು ತಿದ್ದುವುದು ಕಷ್ಟ. ಕೈ ಅನುಮಾನಿಸಿದರೆ ಗೋಡೆ ಕಾಯುವುದಿಲ್ಲ. ಮೇಲೆ ಮುಖ್ಯವಾಗಿ ಬರೆದದ್ದು ಸಂತ ಅಲೋಶಿಯಸರ ಜೀವನ. ಅವರೂ ಲೊಂಬಾರ್ದಿಯವರೇ, ಅರಸೊತ್ತಿಗೆಯ ಹಕ್ಕನ್ನು ತಮ್ಮನಿಗೆ ಬಿಟ್ಟು ಯೇಸುಸಭೆಯನ್ನು ಸೇರಿ, 1591ರಲ್ಲಿ ರೋಮಿನ ರೋಗಿಗಳ ಶುಶ್ರೂಷೆಯಲ್ಲಿ ಇಪ್ಪತ್ತಮೂರರ ಹರೆಯದಲ್ಲಿ ಪ್ರಾಣವನ್ನರ್ಪಿಸಿದವರು. ತನ್ನದೆಂಬುದನ್ನು ಬಿಟ್ಟುಬಂದ ಚಿತ್ರಕಾರನಿಗೆ ಈ ಕಥೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ನಮ್ಮ ಕರಾವಳಿಯ ಮಳೆಗಾಲ ಬೆರ್ಗಮೊದ ಪಾಠದಲ್ಲಿರಲಿಲ್ಲವಷ್ಟೆ. ತೇವ ಚಿತ್ರಗಳನ್ನು ಬಾಧಿಸಿತು. 1991ರಿಂದ 1994ರವರೆಗೆ ಅವುಗಳ ಜೀರ್ಣೋದ್ಧಾರವಾಯಿತು.

ಮೊಸ್ಕೇನಿಯವರ ಕೊನೆಯ ಕೆಲಸ ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯದಲ್ಲಿ. ಮಂಗಳೂರಿನ ಡ ಗಾಮ ಎಂಬ ಶಿಷ್ಯರು ಅಲ್ಲಿ ಅವರ ಜತೆಗಿದ್ದರು. ಲಿಯೊನಾರ್ದೊನ ಮಾದರಿಯನ್ನನುಸರಿಸಿದ ಕಡೆಯ ಭೋಜನದ ಚಿತ್ರ ಅಲ್ಲಿದೆ. 1905ನೆಯ ನವೆಂಬರ್ 15ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಕೊಚ್ಚಿಯಲ್ಲಿಯೇ ದೈವಾಧೀನರಾದರು. ಪ್ರಧಾನಾಲಯದ ಅಭಿಷೇಕ ನಡೆದದ್ದು ನಾಲ್ಕು ದಿನಗಳ ಅನಂತರ, ನವೆಂಬರ್ 19ರಂದು.