ವಿಶ್ವೇಶ್ವರಯ್ಯನವರ ಮೋಟಾರು ಕಾರ್ಖಾನೆ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಕನ್ನಂಬಾಡಿಯ ಕಟ್ಟೆಯೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಅವರು ಕಟ್ಟಿದುದನ್ನು ನಾವು ಬಲ್ಲೆವು; ಕಟ್ಟಬೇಕೆಂದು ಹೊರಟು ಕಟ್ಟಲಾಗದೆ ಹೋದುದನ್ನು ನೆನೆಯುವವರು ಕಡಿಮೆ. ಮೋಟಾರು ಕಾರಿನ ಕಾರ್ಖಾನೆ ಅಂತಹುದೊಂದು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಬಂದ ಹಣದಿಂದ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಅವರು ಬಿ.ಎ. ಆದರು. (ಆ ಮಹಾ ಇಂಜಿನಿಯರರೂ ಮೊದಲು ಬಿ.ಎ. ಎಂಬುದನ್ನು ವಿಜ್ಞಾನದ ಗೆಳೆಯರು ಗಮನಿಸಬೇಕು!) ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು ಮುಂಬಯಿ ಸರಕಾರದ ಸೇವೆಗೆ ಸೇರಿದುದು, 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾದುದು ಎಲ್ಲರಿಗೂ ತಿಳಿದ ಸಂಗತಿ. ರಾಜೀನಾಮೆ ಕೊಡಲು ಸರಕಾರದ ಕಾರಿನಲ್ಲಿ ಹೋದವರು ಸ್ವಂತ ಕಾರಿನಲ್ಲಿ ಮರಳಿದರೆಂದು ಜನ ಇಂದಿಗೂ ಹೇಳುತ್ತಾರೆ.

ಸ್ವಂತ ಕಾರಾದರೇನು, ಅದೂ ಪರದೇಶದ್ದೇ. ಅಂದು ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರಗಿನಿಂದ ಬಂದವು, ಇಲ್ಲವೆ ಹೊರಗಿನ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿದವು. ಈ ಕೊರತೆಯನ್ನು ನೀಗಬೇಕೆಂದು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು.

ಆಗ ಅಮೆರಿಕದ ಮೋಟಾರು ಲೋಕದಲ್ಲಿ ದೊಡ್ಡದೊಂದು ಮಾರ್ಪಾಟು ನಡೆದಿತ್ತು. ಜನರಲ್ ಮೋಟಾರ್ಸ್ ಕಂಪೆನಿ 1927ರಲ್ಲಿಯೇ ಹಾರ್ಲಿ ಅರ್ಲ್ ಎಂಬಾತನನ್ನು ಮುಂದಿಟ್ಟುಕೊಂಡು ಕಾರಿನ ಅಂದಕ್ಕೆಂದೇ ಒಂದು ವಿಭಾಗವನ್ನು ತೆರೆದಿತ್ತು. ವರುಷಕ್ಕೊಮ್ಮೆ ರೂಪ ಬದಲಿಸುವುದು, ಹಳೆಯ ಕಾರು ಹಳತೆಂದು ಕಾಣುವಂತೆ ಮಾಡುವುದು ಅಲ್ಲಿನ ವ್ಯಾಪಾರದ ಗುಟ್ಟು. ಕ್ರೈಸ್ಲರ್ ಕಂಪೆನಿಯಾದರೋ 1934ರಲ್ಲಿ ಗಾಳಿಯ ತಡೆಯನ್ನು ಲೆಕ್ಕ ಹಾಕಿ 'ಏರ್‌ಫ್ಲೋ' ಎಂಬ ಕಾರನ್ನು ಹೊರತಂದಿತು. ಇಂಜಿನಿಯರುಗಳು ಮೆಚ್ಚಬೇಕಾದ ಕಾರು. ಆದರೆ ಅದರ ಬೋಳು ಮೂತಿಯನ್ನು ಕೊಳ್ಳುವವರು ಮೆಚ್ಚಲಿಲ್ಲ. ವಿಶ್ವೇಶ್ವರಯ್ಯನವರ ಒಲವು ಅಂದದ ಕಡೆಗಲ್ಲ, ಉಕ್ಕಿನ ಕಡೆಗೆ. ವರುಷ ವರುಷವೂ ಹೊಸ ಅಚ್ಚು ಮಾಡಿಸುವ ಖರ್ಚನ್ನು ಲಕ್ಷಗಟ್ಟಲೆ ಕಾರು ಮಾರುವ ಅಮೆರಿಕ ತಾಳೀತು, ನಾವು ತಾಳಲಾರೆವು. ಅವರ ಕಾರು ಬಂದಿದ್ದರೂ ಬಹುಕಾಲ ಒಂದೇ ರೂಪದಲ್ಲಿ ಉಳಿಯುತ್ತಿತ್ತೆಂದು ನನ್ನ ಎಣಿಕೆ.

1936ರಲ್ಲಿ ಯೋಜನೆ ಸಿದ್ಧವಾಯಿತು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ನೆರವಿಗೆ ಮುಂದಾಯಿತು. ದಿಲ್ಲಿಯ ಬ್ರಿಟಿಷ್ ಸರಕಾರ ಒಲಿಯಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಆದರೆ ಯುದ್ಧಕಾಲದ ಸರಕಾರ ಇದಕ್ಕೂ ಅಡ್ಡ ನಿಂತಿತು. ಆಳುವವರಿಗೆ ವಿಮಾನ ಬೇಕಾಗಿತ್ತು. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು, ಕಾರು ಬರಲಿಲ್ಲ. ವೃದ್ಧರ ಮನಸ್ಸಿಗೆ ಇದು ಎಷ್ಟು ನೋವು ತಂದಿರಬೇಕು!

ವಾಲ್‌ಚಂದರ ಪ್ರೀಮಿಯರ್ ಕಂಪೆನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿ, 1947ರಲ್ಲಿ ಕ್ರೈಸ್ಲರ್ ವಂಶದ ಡಾಜ್, ಪ್ಲಿಮತ್, ಡಿಸೋಟೊಗಳನ್ನು ಹೊರತರತೊಡಗಿತು. ಬೆಂಗಳೂರಿನ ಪಾಲಿಗೆ ಆ ಭಾಗ್ಯ ಇಲ್ಲದೆ ಹೋಯಿತು. ನಮ್ಮ ಕೊಲ್ಲಮೊಗ್ರಿನಂಥ ಮಲೆನಾಡಿನ ಮಗ್ಗುಲ ಊರುಗಳಿಗೆ ಹೊಂದಿಕೆಯಾದ ಅಮೆರಿಕದ ವಾಹನವಾದರೋ ಯಾವ ಅಲಂಕಾರವೂ ಇಲ್ಲದ, ಮಹೀಂದ್ರದವರು ಇಲ್ಲಿ ಜೋಡಿಸಿದ ವಿಲ್ಲಿಸ್ ಜೀಪು.

ಅತ್ತ ಅಮೆರಿಕದಲ್ಲಿ 1948ರ ಕ್ಯಾಡಿಲಾಕ್ ಕಾರಿಗೆ ಯುದ್ಧವಿಮಾನದ ಬಾಲವನ್ನು ಹೋಲುವ ರೆಕ್ಕೆ ಮೂಡಿ, 1959ರ ಹೊತ್ತಿಗೆ ಅದು ನೋಡಿದವರು ಬೆರಗಾಗುವಷ್ಟು ಎತ್ತರಕ್ಕೆ ಬೆಳೆಯಿತು. ಶ್ರೀಮಂತರ ಹೆಮ್ಮೆಯಾಗಿದ್ದ ಪ್ಯಾಕಾರ್ಡ್ 1958ರಲ್ಲಿಯೂ, ಡಿಸೋಟೊ 1960ರಲ್ಲಿಯೂ ಕಣ್ಮರೆಯಾದವು. ಇತ್ತ ಹಿಂದೂಸ್ಥಾನ್ ಮೋಟಾರ್ಸಿನ ಅಂಬಾಸಡರ್ ಕಾರು ಹೆಚ್ಚುಕಡಿಮೆ ಒಂದೇ ಮುಖ ಹೊತ್ತು 1957ರಿಂದ 2014ರ ವರೆಗೆ ತಯಾರಾಯಿತು.

1955ರಲ್ಲಿ ಭಾರತರತ್ನರಾದ ವಿಶ್ವೇಶ್ವರಯ್ಯನವರು ನೂರು ವರುಷ ತುಂಬಿದ ಮೇಲೆ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.