ಆನ್ ಸಲಿವನ್ ಎಂಬ ಉಪಾಧ್ಯಾಯಿನಿಯು

ಹೆಲೆನ್ ಕೆಲ್ಲರಳನ್ನು ಬಲ್ಲ ವಾಚಕರಿಗೆ ಆಕೆಯ ಉಪಾಧ್ಯಾಯಿನಿಯ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಆನ್ ಸಲಿವನಳು 1866ರಲ್ಲಿ ಅಮೇರಿಕಾ ದೇಶದ ಬಡ ಕುಟುಂಬದಲ್ಲಿ ಹುಟ್ಟಿ, ಕಣ್ಣುಬೇನೆಯಿಂದ ದೃಷ್ಟಿಯು ಮಂದವಾಗಿ, 1880ರಲ್ಲಿ ಪರ್ಕಿನ್ಸ್ ಕುರುಡರ ಶಾಲೆಯನ್ನು ಸೇರಿದಳು. 1887ರ ಮಾರ್ಚಿ 3ರಂದು ಅಲಬಾಮಾ ಪ್ರಾಂತಕ್ಕೆ ಬಂದು, ಕಾಣದೆಯೂ ಕೇಳದೆಯೂ ಇದ್ದ ಆರು ವರುಷದ ಹೆಲೆನಳಿಗೆ ಕಲಿಸತೊಡಗಿದಳು. ಏಪ್ರಿಲ್ 5ರಂದು ಮಗುವಿನ ಒಂದು ಕೈಮೇಲೆ ಪಂಪಿನ ನೀರು ಸುರಿಯುತ್ತಿರಲು, ಇನ್ನೊಂದರಲ್ಲಿ ಬೆರಳುಗಳಿಂದ ಅದರ ಹೆಸರನ್ನು ತಿಳಿಸಿದಳು. ವಸ್ತುಗಳಿಗೆ ಹೆಸರುಂಟೆಂದು ಮಗುವು ಗ್ರಹಿಸಿತು. ಆಮೇಲೆ ಗೊತ್ತಾದ ಗಂಟೆಯ ಪಾಠಗಳನ್ನು ಬಿಟ್ಟು, ತಾಯಿಯು ಕೂಸಿನ ಸಂಗಡ ಮಾತಾಡುವ ಪ್ರಕಾರ ದಿನವೆಲ್ಲಾ ಆ ಅಂಗೈಯಲ್ಲಿ ಮಾತಾಡಿದಳು. 1904ರಲ್ಲಿ ಹೆಲೆನಳು ಪದವೀಧರೆಯಾದಳು. ಸಲಿವನಳು 1936ರಲ್ಲಿ ತೀರಿಹೋಗುವ ತನಕ, 49 ವರುಷ, ಆಕೆಯ ಸಂಗಾತಿಯಾಗಿದ್ದಳು. ನಮ್ಮ ಮನೆಗಳ ಇಂಥ ಮಕ್ಕಳಿಗೂ ಮೊದಲು ಬೇಕಾದದ್ದು ಕಟ್ಟಳೆಯಲ್ಲ, ಬಿಡದೆ ಜತೆಗಿರುವ ಒಬ್ಬರು ಎಂದೆಣಿಸುತ್ತೇವೆ.